ಸೂರ್ಯಕಿರೀಟದ ಅಧ್ಯಯನ ಮತ್ತು ಕನ್ನಡ ಕರಾವಳಿ: ಒಂದು ವಿಮರ್ಶೆ

ಕುಮಟಾ ತಾಲ್ಲೂಕಿನ ಸಂತೆಗುಳಿಯು 1980ನೆಯ ಫೆಬ್ರುವರಿ 16ರ ಪೂರ್ಣ ಸೂರ್ಯಗ್ರಹಣದ ಪಥದೊಳಗೆ ಬಿದ್ದ ಊರುಗಳಲ್ಲೊಂದು. ಅಂದಿನ ಅಪರಾಹ್ಣ ಅಲ್ಲಿ ಚಂದ್ರನ ನೆರಳು ನಿಂತದ್ದು ಮೂರು ನಿಮಿಷಕ್ಕೂ ಕಡಮೆ. ಸೂರ್ಯನ ಹೊರವಾತಾವರಣವಾದ ಕಿರೀಟವು, ಎಂದರೆ ಕರೋನಾ, ಬರಿಗಣ್ಣಿಗೆ ಗೋಚರವಾಗುವುದು ಅಂತಹ ಕೆಲವೇ ನಿಮಿಷಗಳಲ್ಲಿ. ಆದರೆ ನಮ್ಮಲ್ಲಿ ಗ್ರಹಣಸಂಶೋಧನೆಯ ಚರಿತ್ರೆಯನ್ನು ಬರೆಯ ಹೊರಟವರು 1868ರ ಗುಂಟೂರಿಗೆ ಹೋಗಿ, ಹೀಲಿಯಮ್ಮಿನ ಕಥೆಯನ್ನು ಹೇಳಿ, ಅಲ್ಲಿಯೇ ನಿಲ್ಲುವುದು ವಾಡಿಕೆಯಾಗಿದೆ. ಈ ವಾಡಿಕೆಯನ್ನು ನಾವು ಒಪ್ಪಲಾರೆವು.

1868ರ ಆಗಸ್ಟ್ 18ರಂದು ಗುಂಟೂರಿನಲ್ಲಿ ಜಾನ್ಸೆನ್ನರೂ ನಮ್ಮ ಜಮಖಂಡಿಯಲ್ಲಿ ಜಾನ್ ಹರ್ಷೆಲ್ಲರೂ ರೋಹಿತದರ್ಶಕದಿಂದ ಮುಖ್ಯವಾಗಿ ಪರೀಕ್ಷಿಸಿದ್ದು ಸೂರ್ಯನ ಅಂಚಿನಿಂದೆದ್ದ ಜ್ವಾಲೆಗಳನ್ನು; ಅವು ಕಿರೀಟವಲ್ಲ. ಕಿರೀಟದ ವಿಚಾರಕ್ಕೆ 1871ರ ಡಿಸೆಂಬರ್ 12ನ್ನು ನೋಡಬೇಕು. ಅಂದು ನಾರ್ಮನ್ ಲಾಕಿಯರ್ ಕಾಸರಗೋಡು ಸೀಮೆಯ ಬೇಕಲದಲ್ಲಿದ್ದರು. ರೋಹಿತದರ್ಶಕಕ್ಕೆ ಸಾಮಾನ್ಯವಾಗಿ ಒಂದು ಕಿರಿದಾದ ಸೀಳುಕಿಂಡಿಯುಂಟು. ಅದರಿಂದ ಕಾಣುವುದು ಕಿರೀಟದ ಒಂದು ಎಳೆ ಮಾತ್ರ. ಕಿಂಡಿಯನ್ನು ಬಿಟ್ಟು ಬರಿಯ ಪಟ್ಟಕಗಳ ಮೂಲಕ ನೋಡಲು, ಬೇರೆಬೇರೆ ಬಣ್ಣಗಳಲ್ಲಿ ಪೂರ್ಣ ಉಂಗುರಗಳೇ ಲಾಕಿಯರರಿಗೆ ತೋರಿದುವು. ಅವುಗಳಲ್ಲಿ ಹಸುರಿನದೊಂದು. ಅದೇ ದಿನ ನೀಲಗಿರಿಯಲ್ಲಿದ್ದ ಜಾನ್ಸೆನ್ನರಿಗೆ ಕಿರೀಟದ ರೋಹಿತದಲ್ಲಿ ಸೂರ್ಯಬಿಂಬದ ಕಪ್ಪುರೇಖೆಗಳೂ ಕಂಡುವು; ಕಿರೀಟದ ಬೆಳಕಿನಲ್ಲಿ ಒಂದಂಶ ಬಿಂಬದಿಂದಲೇ ಬಂದು ಚದರಿದ್ದೆಂಬುದಕ್ಕೆ ಇದು ಸಾಕ್ಷಿ.

ಹಸುರು ರೇಖೆಯನ್ನು 1869ರಲ್ಲಿಯೇ ಅಮೆರಿಕದಲ್ಲಿ ಗುರುತಿಸಿದ್ದರು. ಅದಕ್ಕಾಗಿ 'ಕರೋನಿಯಮ್' ಎಂಬ ಇಲ್ಲದ ಧಾತುವೊಂದಕ್ಕೆ ನಾಮಕರಣವೂ ಆಯಿತು! ಅದು ಹದಿಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣದ್ದೆಂದು ಸ್ವೀಡನ್ನಿನ ಎಡ್ಲೇನ್ ತೋರಿಸಿದ್ದು 1940ರ ದಶಕದಲ್ಲಿ. ಕಬ್ಬಿಣ ಹಾಗಾಗಬೇಕಾದರೆ ಹತ್ತು ಲಕ್ಷ ಡಿಗ್ರಿಗೂ ಮಿಕ್ಕ ತಾಪ ಬೇಕು. ಸೂರ್ಯನ ಮೇಲ್ಮೈಯದಾದರೋ ಸುಮಾರು ಆರು ಸಾವಿರ. ಬೇಕಲದಲ್ಲಿ ಉಂಗುರವನ್ನು ಕಂಡವರಿಗೆ ಈ ಅರ್ಥ ತೋರುವಂತಿರಲಿಲ್ಲ. ಹೀಲಿಯಮ್ಮಿನ ಕಥೆಗಿಂತ ಇದೇನು ಕಡಮೆಯದಲ್ಲ.

1980ರಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು, ವೇಣು ಬಾಪು ಅವರ ಕಾಲದಲ್ಲಿ, ಕಬ್ಬಿಣದ ಇನ್ನೊಂದು ರೇಖೆಯನ್ನು, 6374 ಆಂಗ್‌ಸ್ಟ್ರಾಮಿನ ಕೆಂಪುರೇಖೆಯನ್ನು, ಅನೇಕ ಸೀಳುಗಳ ಉಪಕರಣದಿಂದ ಅಳೆದರು. ವಿಜ್ಞಾನಿಗಳ ದಾಖಲೆ ಹೀಗೆ ಉಳಿದಿದೆ. ನೆರಳಿನಡಿಯಿದ್ದ ಜನರ ದಾಖಲೆಯ ಮಾತೇ ಬೇರೆ. ನಮ್ಮ ಶಾಸನಗಳೂ ಸೂರ್ಯಗ್ರಹಣದಂದು ಕೊಟ್ಟ ಭೂಮಿಯ ಎಲ್ಲೆಯನ್ನು ಸಾವಧಾನವಾಗಿ ಹೇಳುತ್ತವೆ. ಆಕಾಶದ ವರ್ಣನೆ ಅವುಗಳ ಕೆಲಸವಲ್ಲ. ಶಾಸನಕಾರನಿಗೆ ಈ ವಿನಾಯಿತಿ ಸಲ್ಲುವುದು, ಚರಿತ್ರೆಯ ಅಧ್ಯಾಪಕರಾದ ನಮಗೆ ಸಲ್ಲದು. ಸಂತೆಗುಳಿಯಲ್ಲಿ ಅಂದು ಬಾಗಿಲಿಕ್ಕಿಕೊಂಡವರಾರು, ಅಂಗಳಕ್ಕಿಳಿದವರಾರು, ತೋಟದ ಹಕ್ಕಿಗಳು ಏನು ಮಾಡಿದುವು, ಕಪ್ಪು ಬಿಂಬದ ಸುತ್ತಣ ಬೆಳಕನ್ನು ಯಾವ ಮಾತಿನಿಂದ ಕರೆದರು ಎಂಬುದನ್ನು ನಾವು ಹೋಗಿ ಕೇಳಿ ಬರೆದುಕೊಳ್ಳಬೇಕಾಗಿತ್ತು. ಅಂದು ಹತ್ತು ವರ್ಷದವರಾಗಿದ್ದವರಿಗೆ ಈಗ ಐವತ್ತು ದಾಟಿದೆ.