ದೇವಾಲಯದ ಜಾಗ ಯಾರದು?

ಬೆಳಗಾವಿಯ ನಿವಾಸಿಗಳಿಗೆ ಬೆಂಗಳೂರಿಗಿಂತ ಪಣಜಿ ಬಹಳ ಸಮೀಪ. ಖಾನಾಪುರ, ರಾಮನಗರಗಳನ್ನು ಹಾದು ಅನಮೋಡ ಘಟ್ಟ ಇಳಿದರೆ ಗೋವಾ. ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವವು 2004ರಲ್ಲಿ ಅಲ್ಲಿ ನೆಲೆಗೊಂಡ ನಂತರ ನಮ್ಮ ಭಾಗದ ಆಸಕ್ತರು ನವೆಂಬರದಲ್ಲಿ ಹೋಗಿಬರುವುದುಂಟು. 2014ರಲ್ಲಿ ನಾನೂ ಹೋಗಿದ್ದೆನು. ಜಮಾ-ಖರ್ಚು ಬರೆಯುವವನಿಗೆ ಚಲನಚಿತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ಆ ವರ್ಷ ಪುರಸ್ಕೃತವಾದ ಎರಡು ಚಿತ್ರಗಳು ಒಬ್ಬರ ಕೈಯಲ್ಲಿರುವ ಆಸ್ತಿ ಅಥವಾ ಹಣ ಎಲ್ಲಿಂದ ಬಂತು ಎಂಬುದನ್ನು ಕುರಿತೇ ಇದ್ದವು; ಆ ವಿಷಯದಲ್ಲಿ ವ್ಯಾಪಾರಸ್ಥನೂ ಎರಡು ಮಾತು ಹೇಳಬಹುದೆಂದು ಭಾವಿಸುತ್ತೇನೆ.

ಸುವರ್ಣ ಮಯೂರ ಪ್ರಶಸ್ತಿ ಗಳಿಸಿದ್ದು ರಷ್ಯದ ಆಂದ್ರೆ ಜ್ವ್ಯಾಗಿಂತ್ಸೆವ್ ಅವರ ‘ಲೆವಿಯಾಥನ್’. ಉತ್ತರದ ಶೀತ ಸಮುದ್ರದ ದಂಡೆಯಲ್ಲಿ ಕೋಲ್ಯಾ ಎಂಬ ವಾಹನ ದುರಸ್ತಿಗಾರನ ಹಿರಿಯರ ಕಾಲದ ಮನೆ. ಊರಿನ ಮೇಯರನಿಗೆ ಆ ಜಾಗ ಬೇಕಾಗಿದೆ. ಅಲ್ಪ ಪರಿಹಾರ ಗೊತ್ತುಮಾಡಿ, ಕಾಯಿದೆಯ ಮಾರ್ಗದಿಂದಲೇ ಅದನ್ನು ಕಿತ್ತುಕೊಳ್ಳುತ್ತಾನೆ. ನ್ಯಾಯಾಲಯದಲ್ಲಿ ತೀರ್ಪನ್ನು ಓದುವ ದೃಶ್ಯವೊಂದಿದೆ. ನ್ಯಾಯಾಧೀಶೆ ಉಸಿರು ತೆಗೆದುಕೊಳ್ಳದೆ, ತಲೆ ಎತ್ತದೆ, ಒಂದೇ ಸಮನೆ ಓದುತ್ತಾಳೆ. ಕಲಮುಗಳೆಲ್ಲ ಕ್ರಮಬದ್ಧ, ಮನೆ ಕಳೆದುಕೊಳ್ಳುವವನ ಕಿವಿಯಲ್ಲಿ ಮಾತ್ರ ಒಂದು ಶಬ್ದವೂ ನಿಲ್ಲುವುದಿಲ್ಲ. ಕಚೇರಿಗಳಲ್ಲಿ ನಿಂತು ಅನುಭವವುಳ್ಳ ನಮ್ಮವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಕೋಲ್ಯಾನನ್ನು ಸಾಧುಪುರುಷನಾಗಿ ಚಿತ್ರಿಸದಿರುವುದು ನಿರ್ದೇಶಕರ ವಿವೇಕ. ಅವನು ಕೋಪಿಷ್ಠ, ಮದ್ಯವ್ಯಸನಿ. ಅನ್ಯಾಯಕ್ಕೊಳಗಾದವನು ನಿರ್ದೋಷಿಯಾಗಿದ್ದರೆ ಮಾತ್ರ ಮರುಗುವೆವೆಂಬ ನಮ್ಮ ಷರತ್ತನ್ನು ಚಿತ್ರ ಒಪ್ಪುವುದಿಲ್ಲ. ಆದರೆ ಅವನಿಗೆ ನೆರವಾಗಲು ಬಂದ ವಕೀಲ ಮಿತ್ರನ ದ್ರೋಹ, ಹೆಂಡತಿಯ ಮರಣ, ಅದರ ಆರೋಪ ಅವನ ಮೇಲೆಯೇ ಬಂದು 15 ವರ್ಷಗಳ ಸಜೆ, ಹೀಗೆ ಒಬ್ಬನ ತಲೆಯ ಮೇಲೆ ಇಷ್ಟನ್ನೂ ಹೇರಿದ್ದು ನನಗೆ ಅತಿಯಾಯಿತೆನಿಸಿತು. ಮೇಯರನ ಪಾತ್ರವೂ ಕೆಲವೆಡೆ ವಿಡಂಬನೆಗೆ ಜಾರುತ್ತದೆ.

ಈ ದೋಷಗಳನ್ನೆಲ್ಲ ಮರೆಸುವುದು ಅಂತ್ಯ. ಯಂತ್ರದ ಬಾಯಿ ಮನೆಯನ್ನು ಕಚ್ಚಿ ಕೆಡವುವುದನ್ನು ನಾವು ಮನೆಯೊಳಗಿಂದಲೇ ನೋಡುತ್ತೇವೆ. ಅನಂತರ ಅದೇ ಜಾಗದಲ್ಲಿ ಶುಭ್ರವಾದ ಹೊಸ ಚರ್ಚು. ಧರ್ಮಗುರುಗಳು ಸತ್ಯವನ್ನು ಕುರಿತು ಸೊಗಸಾಗಿ ಉಪದೇಶಿಸುತ್ತಾರೆ. ಎದುರಿಗೆ ಮೇಯರ್ ಕುಟುಂಬಸಮೇತ ನಿಂತಿದ್ದಾನೆ. ದೇವರು ಎಲ್ಲವನ್ನೂ ನೋಡುತ್ತಾನೆಂದು ಮಗನಿಗೆ ತಿಳಿಸುತ್ತಾನೆ. ಆ ಉಪದೇಶದಲ್ಲಿ ಒಂದು ಮಾತೂ ಸುಳ್ಳಲ್ಲ ಎಂಬುದೇ ಭಯಂಕರ.

ಅದೇ ಉತ್ಸವದಲ್ಲಿ ತೀರ್ಪುಗಾರರ ವಿಶೇಷ ಪ್ರಶಸ್ತಿ ಪಡೆದದ್ದು ಶ್ರೀಹರಿ ಸಾಠೆಯವರ ಮರಾಠಿ ಚಿತ್ರ ‘ಏಕ ಹಜಾರಾಚೀ ನೋಟ’. ರೈತನಾಗಿದ್ದ ಮಗನನ್ನು ಕಳೆದುಕೊಂಡ ಬಡ ಮುದುಕಿಗೆ ಚುನಾವಣೆಯ ಕಾಲದಲ್ಲಿ ರಾಜಕಾರಣಿಯೊಬ್ಬ ಸಾವಿರ ರೂಪಾಯಿಯ ನೋಟುಗಳನ್ನು ಕೊಡುತ್ತಾನೆ. ಅವಳು ಪೇಟೆಗೆ ಹೋದೊಡನೆ ಸಂಶಯ, ಹಿಂದೆಯೇ ಪೊಲೀಸರು. ಉಷಾ ನಾಯಿಕರ ಅಭಿನಯ ಎಲ್ಲಿಯೂ ಕರುಣೆಯನ್ನು ಬೇಡುವುದಿಲ್ಲ. 2016ರಲ್ಲಿ ಆ ನೋಟೇ ರದ್ದಾಯಿತು. ಆದರೆ ನೋಟನ್ನು ಬೆಳಕಿಗೆ ಹಿಡಿಯುವ ಮೊದಲು ತಂದವರ ಉಡುಪನ್ನು ನೋಡುವ ಪೇಟೆಯ ರೂಢಿ ರದ್ದಾಗಿಲ್ಲ. ನಾನೂ ಹಾಗೆ ನೋಡಿದವನೇ. ಎರಡನ್ನೂ ಒಟ್ಟಿಗೆ ನೋಡಿದವರಿಗೆ ಒಂದು ಸಂಗತಿ ಹೊಳೆಯದಿರದು. ಎಲ್ಲಿಂದ ಬಂತೆಂದು ಮುದುಕಿಯನ್ನು ಎಲ್ಲರೂ ಕೇಳುತ್ತಾರೆ. ಮೇಯರನನ್ನು ಧರ್ಮಗುರುಗಳೂ ಕೇಳುವುದಿಲ್ಲ.

ಮರಳಿ ಬರುವಾಗ ಖಾನಾಪುರದಿಂದ ಹಲಸಿಗೆ ಹೋದೆನು. ಪ್ರಾಚೀನ ಪಲಾಶಿಕೆ ಅದು. ಕದಂಬ ಮೃಗೇಶವರ್ಮನು ತಂದೆಯ ಸ್ಮರಣಾರ್ಥ ಅಲ್ಲಿ ಜಿನಾಲಯ ಕಟ್ಟಿಸಿ, 33 ನಿವರ್ತನ ಭೂಮಿಯನ್ನು ಎಲ್ಲಿಂದ ಎಲ್ಲಿಯವರೆಗೆಂದು ಎಲ್ಲೆ ಹೇಳಿ ದತ್ತಿ ಬಿಟ್ಟುದನ್ನು ತಾಮ್ರಪಟ ತಿಳಿಸುತ್ತದೆ. ಇದನ್ನು ನಾವು ಅಭಿಮಾನದಿಂದ ಉಲ್ಲೇಖಿಸುತ್ತೇವೆ. ಆಶಾಧರರ ‘ಸಾಗಾರಧರ್ಮಾಮೃತ’ವು ಗೃಹಸ್ಥನ ಲಕ್ಷಣಗಳಲ್ಲಿ ನ್ಯಾಯದಿಂದ ಗಳಿಸಿದ ಧನವನ್ನು ಪ್ರಥಮದಲ್ಲಿಟ್ಟು, ಪೂಜೆಯನ್ನು ಅನಂತರ ಹೇಳಿದ್ದನ್ನು ಮಾತ್ರ ಅಷ್ಟಾಗಿ ಉಲ್ಲೇಖಿಸುವುದಿಲ್ಲ.

ಬಹಳ ವರ್ಷಗಳ ಹಿಂದೆ ಒಂದು ಬಸದಿಯ ಜೀರ್ಣೋದ್ಧಾರ ಸಮಿತಿಯಲ್ಲಿ ಲೆಕ್ಕಪತ್ರದ ಕೆಲಸ ನನ್ನದಾಗಿತ್ತು. ಒಬ್ಬ ಗೃಹಸ್ಥರು ದೊಡ್ಡ ಮೊತ್ತ ತಂದರು. ಒಬ್ಬ ವಿಧವೆಯ ಹೊಲದ ಬಗ್ಗೆ ಅವರ ಮೇಲಿದ್ದ ತಕರಾರು ಸಮಿತಿಯ ಎಲ್ಲರಿಗೂ ಗೊತ್ತಿತ್ತು. ಮಳೆಗಾಲ ಹತ್ತಿರ ಬಂದಿತ್ತು, ಶಿಖರದ ಕೆಲಸ ಅರ್ಧಕ್ಕೆ ನಿಂತಿತ್ತು, ಯಾರೂ ಮಾತೆತ್ತಲಿಲ್ಲ. ಪಾವತಿ ಪುಸ್ತಕದಲ್ಲಿ ಹೆಸರು, ಊರು, ಮೊತ್ತ, ಉದ್ದೇಶ ಎಂಬ ನಾಲ್ಕು ಅಂಕಣಗಳಿದ್ದವು. ನಾಲ್ಕನ್ನೂ ನಾನೇ ತುಂಬಿ, ಸಹಿ ಮಾಡಿ ಕೊಟ್ಟೆನು.