ಒಂದು ವಾದ್ಯ, ಎರಡು ದನಿ

ಚಿಕ್ಕಮಗಳೂರಿನಲ್ಲಾಗಲಿ ಮೂಡಿಗೆರೆಯಲ್ಲಾಗಲಿ ಕಾಲೇಜು ವಿದ್ಯಾರ್ಥಿಗಳಿಗೆ ಸಂಗೀತದ ರಸಾಸ್ವಾದನೆ ಕಲಿಸಲು ಹೊರಟವರಿಗೆ ಎದುರಾಗುವ ತೊಡಕು ಒಂದೇ: ‘ಇದು ನಮ್ಮದು, ಅದು ಪರಕೀಯ’ ಎಂಬ ತೀರ್ಪು ಕೇಳುವುದಕ್ಕೆ ಮುನ್ನವೇ ಸಿದ್ಧವಾಗಿರುತ್ತದೆ. ರಾಗಗಳ ಪಟ್ಟಿ ಒಪ್ಪಿಸಿದರೆ ಅದು ಸಡಿಲವಾಗದು. 2008ರಲ್ಲಿ ಹೊರಬಂದ ‘ಕಿನ್ಸ್‌ಮೆನ್’ ಧ್ವನಿಮುದ್ರಿಕೆಯನ್ನು ಕೇಳಿಸಿ ನೋಡಬೇಕು. ಘಟ್ಟದ ಕೆಳಗೆ, ಬಂಟ್ವಾಳ ಸೀಮೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರೂ (1949–2019) ಅಮೆರಿಕದ ಜಾಸ್ ವಾದಕ ರುದ್ರೇಶ್ ಮಹಾಂತಪ್ಪನವರೂ ಅಲ್ಲಿ ನುಡಿಸುವುದು ಒಂದೇ ವಾದ್ಯ, ಸ್ಯಾಕ್ಸೊಫೋನ್. ಕೀಲಿಗಳುಳ್ಳ ಆ ಪಾಶ್ಚಾತ್ಯ ವಾದ್ಯದಲ್ಲಿ ಗೋಪಾಲನಾಥರು ಸ್ವರದಿಂದ ಸ್ವರಕ್ಕೆ ಜಾರಿ ಗಮಕ ಹೊರಡಿಸುತ್ತಾರೆ. ಮಹಾಂತಪ್ಪನವರ ಸ್ವರಗಳು ಮೊನಚಾಗಿ ಧಾವಿಸುತ್ತವೆ. ಇಬ್ಬರೂ ಒಟ್ಟಾಗಿ ವೇಗಕ್ಕಿಳಿದಾಗ ಈ ವ್ಯತ್ಯಾಸ ಮಸುಕಾಗುತ್ತದೆ. ಆ ಭಾಗಗಳು ನನಗೆ ಅಷ್ಟಾಗಿ ರುಚಿಸವು. ಆದುದರಿಂದ ತರಗತಿಯಲ್ಲಿ ಕಿರು ಆಲಾಪಗಳನ್ನೇ ಮೊದಲು ಕೇಳಿಸುವುದು ಲೇಸು. ಜೊತೆಗೆ ನುಡಿಸುವ ಎ. ಕನ್ಯಾಕುಮಾರಿಯವರ ಪಿಟೀಲು ಕೂಡ ಯೂರೋಪಿನಿಂದ ಬಂದ ವಾದ್ಯವೆಂದು ಆಮೇಲೆ ತಿಳಿಸಿದರಾಯಿತು.