ಘನ, ಬೈಜಿಕ, ಅನುರಣನ: ಒಂದು ಪರಿಭಾಷಾವಿಮರ್ಶೆ

ಘನಪದಾರ್ಥಗಳೊಳಗೆ ಅಣುಗಳು ಹೇಗೆ ಚಲಿಸುವುವೆಂಬುದನ್ನು ಕಾಂತಕ್ಷೇತ್ರದ ಸಹಾಯದಿಂದ ಅರಿಯುವ ಶಾಸ್ತ್ರಕ್ಕೆ ಕನ್ನಡದಲ್ಲಿ 'ಘನಸ್ಥಿತಿಯ ಪರಮಾಣು ಕಾಂತೀಯ ಅನುರಣನ ರೋಹಿತದರ್ಶನ' ಎಂದು ಹೆಸರಿಡುವುದುಂಟು. ವಿಜ್ಞಾನವನ್ನು ಕನ್ನಡದಲ್ಲೇ ಮೊದಲು ಓದುವ ವಿದ್ಯಾರ್ಥಿಗೆ ಶಬ್ದವೇ ಪ್ರಥಮಗುರು. ಆದುದರಿಂದ ಈ ಪದಗಳ ಯುಕ್ತಾಯುಕ್ತತೆಯು ವಿಚಾರಣೀಯವಾಗಿದೆ.

ಮೊದಲನೆಯದು 'ಘನ'. ಘನವೆಂದರೆ ನಿಶ್ಚಲವೆಂಬ ಭಾವನೆ ಸಾಮಾನ್ಯ. ಆದರೆ ಪಾಣಿನಿಯು ಈ ಶಬ್ದವನ್ನು ಹನ್ ಧಾತುವಿನಿಂದ ಮೂರ್ತಿಯೆಂಬ ಅರ್ಥದಲ್ಲಿ ಸಾಧಿಸಿರುವನು. ಮೂರ್ತಿಯೆಂದರೆ ಕಾಠಿನ್ಯವೆಂದು ಕಾಶಿಕಾವೃತ್ತಿಯ ವಿವರಣೆ. ಕಾಠಿನ್ಯವು ಬೇರೆ, ನಿಶ್ಚಲತೆಯು ಬೇರೆ. ಕರ್ಪೂರವೇ ಇದಕ್ಕೆ ನಿದರ್ಶನ. ಕಲಬುರಗಿಯ ಜೇವರ್ಗಿ ಕಾಲೋನಿಯ ಮನೆಯೊಂದರಲ್ಲಿ ಮುಚ್ಚದೆ ಬಿಟ್ಟ ಅಪ್ಪಟ ಕರ್ಪೂರವು ವೈಶಾಖದ ಬಿಸಿಲಿನಲ್ಲಿ ಕರಗದೆಯೇ ಸವೆಯುವುದು. ಅದು ಕರಗಲು ಸುಮಾರು 176 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಮೇಲ್ಮೈಯ ಅಣುಗಳು ಹಾರಿಹೋಗುವುದನ್ನು ಮೂಗೇ ಹೇಳುವುದು. ಆದರೆ ಒಳಗಿನ ಅಣುಗಳು ತಮ್ಮ ಸ್ಥಾನವನ್ನು ಬಿಡದೆಯೇ ಗಿರ್ರನೆ ಹೊರಳುತ್ತಿರುವುದನ್ನು ಮೂಗು ಹೇಳಲಾರದು. ಅದನ್ನು ತಿಳಿಸುವುದು ಈ ಶಾಸ್ತ್ರ.

ಅದರ ಕ್ರಮವಿದು. ಪ್ರತಿಯೊಂದು ಹೈಡ್ರೋಜನ್ ಬೀಜಕೇಂದ್ರವೂ ಒಂದು ಕಿರುಕಾಂತ. ಅಣುಗಳು ಸ್ಥಿರವಾಗಿದ್ದರೆ ನೆರೆಯ ಕಿರುಕಾಂತಗಳ ಪ್ರಭಾವದಿಂದ ರೋಹಿತದ ರೇಖೆ ಅಗಲವಾಗುವುದು. ಅಣುಗಳು ವೇಗವಾಗಿ ತಿರುಗಿದರೆ ಆ ಪ್ರಭಾವಗಳು ಸರಾಸರಿಗೊಂಡು ರೇಖೆ ಕಿರಿದಾಗುವುದು. ಆಂಡ್ರ್ಯೂ ಮತ್ತು ಈಡ್ಸ್ ಎಂಬ ವಿದ್ವಾಂಸರು 1953ರಲ್ಲಿ ಘನ ಬೆಂಜೀನಿನ ರೇಖೆಯು 90ರಿಂದ 120 ಕೆಲ್ವಿನ್‌ಗಳ ನಡುವೆ ಕಿರಿದಾಗುವುದನ್ನು ತೋರಿಸಿದರು. ಬೆಂಜೀನು ದ್ರವವಾಗುವುದು ಸುಮಾರು 278 ಕೆಲ್ವಿನ್‌ನಲ್ಲಿ. ಎಂದರೆ, ಕರಗುವುದಕ್ಕೆ ಬಹಳ ಮೊದಲೇ ಅಣುಚಕ್ರವು ತನ್ನ ಅಕ್ಷದ ಮೇಲೆ ತಿರುಗತೊಡಗಿರುವುದು. ಮಾದರಿಯನ್ನೇ 54.7 ಡಿಗ್ರಿಯ ಓರೆಯಲ್ಲಿ ತಿರುಗಿಸಿ ರೇಖೆಯನ್ನು ಕಿರಿದು ಮಾಡುವ ಉಪಾಯವೂ 1958–59ರಲ್ಲಿ ದೊರೆಯಿತು. ಆ ಕಿರಿದಾಗುವಿಕೆ ಯಂತ್ರಕೃತ. ಅದನ್ನು ಅಣುಚಲನೆಯೆಂದು ಭ್ರಮಿಸಬಾರದು.

ಎರಡನೆಯದಾದ 'ಪರಮಾಣು' ಇಲ್ಲಿ ದೋಷಯುಕ್ತ. ಅನುರಣಿಸುವುದು ಇಡೀ ಪರಮಾಣುವಲ್ಲ, ಅದರ ಬೀಜಕೇಂದ್ರ. 'ನ್ಯೂಕ್ಲಿಯರ್ ಕಾಂತೀಯ' ಎಂಬುದಾದರೋ ಅರ್ಥದಲ್ಲಿ ಶುದ್ಧ, ಬೆಸುಗೆಯಲ್ಲಿ ಒರಟು. ಇಂದು ಕಲಬುರಗಿ ಜಿಲ್ಲೆಗೆ ಸೇರಿದ ಮಳಖೇಡವು ಮಾನ್ಯಖೇಟವೆಂಬ ರಾಜಧಾನಿಯಾಗಿದ್ದ ಒಂಬತ್ತನೆಯ ಶತಮಾನದಲ್ಲೇ ಕವಿರಾಜಮಾರ್ಗವು ಭಿನ್ನಭಾಷೆಗಳ ಶಬ್ದಗಳನ್ನು ಸಮಾಸದಲ್ಲಿ ಕೂಡಿಸುವಾಗ ಎಚ್ಚರ ಬೇಕೆಂದು ವಿಧಿಸಿತು. ಬೀಜಶಬ್ದದಿಂದ ತದ್ಧಿತಾಂತವಾಗಿ ಸಿದ್ಧಿಸುವ 'ಬೈಜಿಕ' ಪದವು ಈಗಾಗಲೇ ಕನ್ನಡ ವಿಜ್ಞಾನಬರಹದಲ್ಲಿದೆ. ಅದನ್ನು ಬಿಟ್ಟು ಬೇರೆಯದನ್ನು ಅರಸಲು ಕಾರಣವಿಲ್ಲ.

ಮೂರನೆಯದು 'ಅನುರಣನ'. ಆಲಂಕಾರಿಕರಿಗೆ ಇದು ಘಂಟೆಯ ಮೊದಲ ನಾದವಡಗಿದ ಮೇಲೂ ಕೇಳಿಬರುವ ನಾದಶೇಷ. ವಿಜ್ಞಾನಿಗಳು ಉದ್ದೇಶಿಸುವ ಅರ್ಥ ಬೇರೆ: ಒಂದೇ ಶ್ರುತಿಗೆ ಕೂಡಿಸಿದ ತಂತಿಗಳಲ್ಲಿ ಒಂದನ್ನು ಮೀಟಿದರೆ ಮತ್ತೊಂದು ತಾನಾಗಿ ಮಿಡಿಯುವುದು. ಈ ಅರ್ಥಕ್ಕೆ 'ಅನುನಾದ'ವೆಂಬ ಪದವನ್ನು ಮುಂದಿಡುವವರ ಪಕ್ಷ ನಿರಾಧಾರವಲ್ಲ. ಆದರೂ ಇಲ್ಲಿ ಹಳೆಯ ಅರ್ಥವೂ ವ್ಯರ್ಥವಾಗದು. ಒಂದು ಕ್ಷಣ ರೇಡಿಯೋ ತರಂಗವನ್ನು ತಾಗಿಸಿ ನಿಲ್ಲಿಸಿದ ಮೇಲೂ ಬೀಜಕೇಂದ್ರಗಳು ಕ್ಷೀಣಿಸುವ ಸಂಕೇತವನ್ನು ನೀಡುತ್ತಿರುವುವು. ಬಿಗಿಯಾದ ಘನದಲ್ಲಿ ಆ ಶೇಷವು ಸೆಕೆಂಡಿನ ಕೆಲವು ಲಕ್ಷಾಂಶಗಳಲ್ಲಿ ಅಡಗುವುದು; ಅಣುಗಳು ಚಲಿಸಿದಂತೆ ದೀರ್ಘವಾಗುವುದು. ಶೇಷ ದೀರ್ಘವಾದಷ್ಟೂ ರೇಖೆ ಕಿರಿದು. ಆದುದರಿಂದ ಪದವನ್ನು ಉಳಿಸಿಕೊಂಡು ಎರಡು ಅರ್ಥಗಳನ್ನೂ ಬೋಧಿಸತಕ್ಕುದು.

ಶಬ್ದಸಾಮ್ಯದಿಂದ ಈ ವಿದ್ಯೆಯನ್ನು ಪ್ರಾಚೀನರಿಗೆ ಆರೋಪಿಸುವುದು ಮಾತ್ರ ಸಲ್ಲದು. ಮೇಣದಲ್ಲಿ ದ್ರವತ್ವವು ಅಗ್ನಿಸಂಯೋಗದಿಂದ ಬರುವುದೆಂದು ವೈಶೇಷಿಕರು ಬಲ್ಲರು; ಪ್ಯಾರಫಿನ್ ಮೇಣದಲ್ಲಿ ಬೈಜಿಕ ಅನುರಣನವನ್ನು ಕಂಡವರು 1945ರಲ್ಲಿ ಪರ್ಸೆಲ್, ಟೋರಿ, ಪೌಂಡ್ ಎಂಬ ಮೂವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಅವರು ಹರಿಯುವ ದ್ರವಗಳಲ್ಲಿ ಇದನ್ನು ಪರೀಕ್ಷಿಸಿ 1951ರಲ್ಲಿ ಪ್ರಕಟಿಸಿದರು. ಪ್ರಯೋಗದ ಕೀರ್ತಿ ಪ್ರಯೋಗಿಗಳದು. ಅದನ್ನು ಹೇಳುವ ಮಾತಿನ ಶುದ್ಧಿಗೆ ಹೊಣೆ ಭಾಷಾವಿದ್ವಾಂಸರದು. 'ಘನಸ್ಥಿತಿಯ ಬೈಜಿಕ ಕಾಂತೀಯ ಅನುರಣನ' ಎಂಬುದೇ ಗ್ರಾಹ್ಯವಾದ ಪಾಠ.